ದನಗಳಿಗೆ ರಜೆ ಇಲ್ಲ, ಮಕ್ಕಳಿಗೆ ರಜೆ ಇದೆ: ಕ್ರಿಸ್‌ಮಸ್ ವಾರವನ್ನು ನೀವು ಹೇಗೆ ಹೊಂದಿಸುತ್ತೀರಿ?

ಹಟ್ಟಿಮನೆ ಸೊಸೆ · 27 ನವೆಂಬರ್

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೆರಡು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಮೈದುನ, ಓರಗಿತ್ತಿ, ಎರಡೂ ಕಡೆಯ ಮಕ್ಕಳು ಸೇರಿ ಆರು. ದೊಡ್ಡವನಿಗೆ 16, ಚಿಕ್ಕವಳಿಗೆ 4. ಹಾಲು ಕರೆಯುವ ಹಸು ಒಂಬತ್ತು, ಗಬ್ಬದ ಹಸು ಮೂರು, ಕರುಗಳು, ಮೂವತ್ತು ಕುರಿ, ಐವತ್ತರ ಹತ್ತಿರ ಕೋಳಿ. ಡಿಸೆಂಬರ್ ಬಂತೆಂದರೆ ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ನೋಡಿದರೆ ಬಾನಿಯ ನೀರು ಕಲ್ಲಾಗಿರುತ್ತದೆ.

ಹೋದ ವರ್ಷ ಡಿಸೆಂಬರ್ 24ರ ಸಂಜೆ ನಡೆದದ್ದು ಹೇಳುತ್ತೇನೆ. ರಾತ್ರಿ ಹತ್ತಕ್ಕೆ ಚರ್ಚಿನಲ್ಲಿ ಪೂಜೆ. ಏಳು ಗಂಟೆಗೆ ಕೊಟ್ಟಿಗೆಯ ಪೈಪು ಹೆಪ್ಪುಗಟ್ಟಿತು. ಬಕೆಟ್ಟಿನಲ್ಲಿ ನೀರು ಹೊತ್ತು ಮುಗಿಸುವಷ್ಟರಲ್ಲಿ ಒಂದು ಕಡಸು ನೋವು ತಿನ್ನಲು ಶುರು ಮಾಡಿತು. ಯಾರಾದರೂ ಉಳಿಯಬೇಕಿತ್ತು. ದೊಡ್ಡ ಮಗ ಉಳಿದ. ನಾವೆಲ್ಲ ಹೋದೆವು. ವಾಪಸ್ ಬಂದಾಗ ನಡುರಾತ್ರಿ ದಾಟಿತ್ತು. ಅವನು ಹುಲ್ಲಿನ ಮೇಲೆ ಕೂತು ಕರುವನ್ನು ಗೋಣಿಚೀಲದಿಂದ ಉಜ್ಜುತ್ತಿದ್ದ. ಮೈಮೇಲೆ ಕ್ರಿಸ್‌ಮಸ್‌ಗೆ ಅಂತ ಹೊಲಿಸಿದ ಹೊಸ ಅಂಗಿ. ಎರಡೂ ತೋಳು ಮೊಣಕೈವರೆಗೆ ಒದ್ದೆ. "ಹೆಣ್ಣು ಕರು ಅಮ್ಮಾ" ಅಂದ, ಅಷ್ಟೇ. ಇನ್ನೇನೂ ಹೇಳಲಿಲ್ಲ.

ಆ ತೋಳು ಒಂದು ವರ್ಷದಿಂದ ನನ್ನ ಕಣ್ಣ ಮುಂದೆಯೇ ಇದೆ. ಈ ವರ್ಷ ಹಾಗಾಗಬಾರದು. ದೊಡ್ಡ ಕುಟುಂಬ ಇರುವವರು, ದನಕರು ಇರುವವರು, ಈ ವಾರವನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ? ಕೆಲಸವೂ ನಿಲ್ಲಬಾರದು, ಮಕ್ಕಳ ಹಬ್ಬವೂ ಹಾಳಾಗಬಾರದು.

ಹಳೆ ಕೈ · 27 ನವೆಂಬರ್

ಮಗಳೇ, ಐವತ್ತು ಚಳಿಗಾಲ ಕೊಟ್ಟಿಗೆಯಲ್ಲೇ ಕಳೆದವನು ನಾನು. ಮೊದಲು ಒಂದು ಲೆಕ್ಕ ಮಾಡಿ. ಹಬ್ಬದ ದಿನವೂ ತಪ್ಪಿಸಲು ಆಗದ ಕೆಲಸ ನಾಲ್ಕೇ: ನೀರು, ಮೇವು, ಹಾಲು ಕರೆಯುವುದು, ಪ್ರತಿಯೊಂದು ಪ್ರಾಣಿಯನ್ನೂ ಕಣ್ಣಿಟ್ಟು ನೋಡುವುದು. ಉಳಿದದ್ದೆಲ್ಲ ಹಿಂದೆಯೋ ಮುಂದೆಯೋ ಸರಿಸಬಹುದು. ನಮ್ಮಲ್ಲಿ 22ನೇ ತಾರೀಕಿನೊಳಗೆ ಮೂರು ದಿನದ ಒಣಹುಲ್ಲು ಬಣವೆಯಿಂದ ಇಳಿಸಿ ಕೊಟ್ಟಿಗೆಯ ಬಾಗಿಲ ಪಕ್ಕಕ್ಕೆ ಬಂದಿರಬೇಕು. 500 ಕೆಜಿ ತೂಕದ ಹಸುವಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಕೆಜಿ ಒಣ ಮೇವು ಬೇಕು. ಕಣ್ಣಂದಾಜು ಬೇಡ. ಒಂದು ಕಟ್ಟನ್ನು ತಕ್ಕಡಿಗೆ ಹಾಕಿ ನೋಡಿ, ಆಮೇಲೆ ಕಟ್ಟಿನ ಲೆಕ್ಕದಲ್ಲೇ ಹಂಚಿ. ಹಿಂಡಿಯನ್ನೂ ಹೊತ್ತುಹೊತ್ತಿಗೆ ಅಳೆದು ಬೇರೆ ಬೇರೆ ಬಕೆಟ್ಟಿಗೆ ಹಾಕಿ ಸಾಲಾಗಿ ಇಟ್ಟುಬಿಡಿ. ಆಗ ಯಾರು ಕೊಟ್ಟಿಗೆಗೆ ಹೋದರೂ ಕೈ ತಪ್ಪುವುದಿಲ್ಲ.

ಸೌದೆಯೂ ಹಾಗೇ. ಐದು ದಿನದ್ದು ಒಳಗೆ ಬಂದಿರಲಿ. ಒಣಗಿದೆಯೋ ಇಲ್ಲವೋ ತಿಳಿಯಲು ಎರಡು ಸೀಳನ್ನು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ. ದಬ್ ಅಂದರೆ ಹಸಿ ಇದೆ. ಹಸಿ ಸೌದೆ ಬಿಸಿ ಕೊಡುವುದು ಕಡಿಮೆ, ಹೊಗೆ ಜಾಸ್ತಿ. ಆ ಹೊಗೆಯ ಜಿಡ್ಡು ಚಿಮಣಿಯ ಒಳಗೆ ಕೂತು ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ.

ಇನ್ನೊಂದು ಮಾತು. ಹಾಲು ಕರೆಯುವ ಹೊತ್ತನ್ನು ಬದಲಿಸಬೇಕೆಂದಿದ್ದರೆ ಅದೇ ದಿನ ಬದಲಿಸಬೇಡಿ. ಹತ್ತು ದಿನ ಮೊದಲಿಂದ ದಿನಕ್ಕೆ ಹತ್ತು ನಿಮಿಷ ಹಿಂದಕ್ಕೆ ತನ್ನಿ, ಬೆಳಗಿನದನ್ನೂ ಅದಕ್ಕೆ ತಕ್ಕಂತೆ. ಹಸುವಿಗೆ ಗೊತ್ತೇ ಆಗುವುದಿಲ್ಲ, ಕೆಚ್ಚಲೂ ಬಿಗಿಯುವುದಿಲ್ಲ.

ಕುರಿ ದೊಡ್ಡಿ · 28 ನವೆಂಬರ್

ಅಕ್ಕಾ, ಕಡಸು 24ಕ್ಕೇ ಈಯಲು ಕಾರಣ ಮಾರ್ಚ್‌ನಲ್ಲಿದೆ. ಹಸುವಿನ ಗಬ್ಬ ಸುಮಾರು 283 ದಿನ. ಮಾರ್ಚ್ 16ಕ್ಕೆ ಹೋರಿ ಕೊಟ್ಟರೆ ಲೆಕ್ಕ ನೇರವಾಗಿ ಡಿಸೆಂಬರ್ 24ಕ್ಕೆ ಬಂದು ನಿಲ್ಲುತ್ತದೆ. ಕುರಿಗೆ ಸುಮಾರು 147 ದಿನ, ಅಂದರೆ ಜುಲೈ ಕೊನೆಯಲ್ಲಿ ಟಗರು ಬಿಟ್ಟರೆ ಹಬ್ಬದ ದಿನ ಮರಿ. ನಾವು ಆ ದಿನಗಳ ಹಿಂದೆ ಮುಂದೆ ಒಂದು ವಾರ ಹೋರಿ, ಟಗರು ಎರಡನ್ನೂ ಬಿಡುವುದಿಲ್ಲ.

ಈ ವರ್ಷಕ್ಕೆ ಅದು ಆಗದ ಮಾತು, ಗಬ್ಬ ನಿಂತಾಗಿದೆ. ಆದರೆ ಈಗಲೂ ಮಾಡಬಹುದಾದ ಒಂದು ಉಪಾಯ ಇದೆ. ಗಬ್ಬದ ಹಸುಗಳಿಗೆ ದಿನದ ದೊಡ್ಡ ಮೇವನ್ನು ಬೆಳಿಗ್ಗೆ ಹಾಕಬೇಡಿ, ಕತ್ತಲಾದ ಮೇಲೆ ಹಾಕಿ. ರಾತ್ರಿ ಮೇವು ತಿನ್ನುವ ಹಸುಗಳು ಹಗಲಿನಲ್ಲಿ ಕರು ಹಾಕುವುದು ಜಾಸ್ತಿ. ಇದನ್ನು ಮೊದಲು ಗಮನಿಸಿ ಹೇಳಿದವರು ಕೆನಡಾದ ಮ್ಯಾನಿಟೋಬಾದ ಗಸ್ ಕೊನೆಫಾಲ್ ಎಂಬ ರೈತ. ಆಮೇಲೆ ಬೇರೆ ಕಡೆಯೂ ಪರೀಕ್ಷೆ ಮಾಡಿ ನೋಡಿದ್ದಾರೆ. ನೂರಕ್ಕೆ ನೂರು ಕೆಲಸ ಮಾಡುತ್ತದೆ ಅಂತಲ್ಲ. ಆದರೆ ನಮ್ಮ ದೊಡ್ಡಿಯಲ್ಲಿ ನಡುರಾತ್ರಿ ಎದ್ದು ಹೋಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಈಯುವ ದಿನಕ್ಕೆ ಮೂರು ನಾಲ್ಕು ವಾರ ಮೊದಲೇ ಶುರು ಮಾಡಬೇಕು. ಇವತ್ತೇ ಶುರು ಮಾಡಿ.

ರಾತ್ರಿ ಮೇವಿನಿಂದ ಇನ್ನೊಂದು ಲಾಭ. ಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ. ಹಸುವಿನ ಒಲೆ ಅದರ ಹೊಟ್ಟೆಯಲ್ಲೇ ಇದೆ. ಚಳಿ ಜಾಸ್ತಿ ಇರುವ ಹೊತ್ತಿಗೆ ಆ ಒಲೆ ಉರಿಯುತ್ತಿರುತ್ತದೆ.

ಬಣವೆ ಕಾವಲು · 28 ನವೆಂಬರ್

ನೀರಿನ ಬಗ್ಗೆ ನಾನು ಹೇಳುತ್ತೇನೆ. ಚಳಿಗಾಲದಲ್ಲಿ ನಮ್ಮ ಮನೆಯ ಅರ್ಧ ಸಮಯ ಹೋಗುವುದು ಅದಕ್ಕೇ.

ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಅಲ್ವಾ? ಚೆನ್ನಾಗಿ ಹಾಲು ಕೊಡುವ ದೊಡ್ಡ ಹಸು ದಿನಕ್ಕೆ 80ರಿಂದ 100 ಲೀಟರ್ ಕುಡಿಯುತ್ತದೆ. ಬಾನಿ ಹೆಪ್ಪುಗಟ್ಟಿ ಅರ್ಧ ದಿನ ನೀರು ತಪ್ಪಿದರೆ ಸಂಜೆ ಹಾಲಿನ ಪಾತ್ರೆಯೇ ಹೇಳುತ್ತದೆ. ಹಸುಗಳು ಅತಿ ಹೆಚ್ಚು ನೀರು ಕುಡಿಯುವುದು ಹಾಲು ಕರೆದ ತಕ್ಷಣ. ಹಾಗಾಗಿ ಆ ಹೊತ್ತಿಗೆ ಉಗುರುಬೆಚ್ಚಗಿನ ನೀರು ಸಿದ್ಧವಾಗಿದ್ದರೆ ದಿನವಿಡೀ ಮಂಜುಗಡ್ಡೆ ಒಡೆಯುತ್ತಾ ಕೂರಬೇಕಾಗಿಲ್ಲ.

ಪೈಪಿಗೆ ಒಂದೇ ಮದ್ದು: ರಾತ್ರಿ ಖಾಲಿ ಮಾಡುವುದು. ಇಳಿಜಾರಿನ ತುದಿಯಲ್ಲಿ ಒಂದು ನಲ್ಲಿ ಇಟ್ಟು, ಮಲಗುವ ಮುಂಚೆ ಮೇಲಿನದನ್ನು ಮುಚ್ಚಿ ಕೆಳಗಿನದನ್ನು ಬಿಚ್ಚಿ. ನೀರಿಲ್ಲದ ಪೈಪು ಹೆಪ್ಪುಗಟ್ಟುವುದಿಲ್ಲ. ನಲ್ಲಿ ಬಿಚ್ಚುವ ಕೆಲಸ ನಮ್ಮ ಎರಡನೇ ಮಗನದು. ಕೊಟ್ಟಿಗೆಯ ಬಾಗಿಲ ಹಿಂದೆ ಸೀಮೆಸುಣ್ಣದಿಂದ ದಿನಾ ಗೀಟು ಹಾಕುತ್ತಾನೆ. ಗೀಟು ಇಲ್ಲ ಅಂದರೆ ಯಾರು ನೋಡಿದರೂ ಬಿಚ್ಚುತ್ತಾರೆ.

ಕುರಿ, ಕೋಳಿಗೆ ಕಬ್ಬಿಣದ ಬಕೆಟ್ ಬೇಡ. ದಪ್ಪ ರಬ್ಬರಿನ ತೊಟ್ಟಿ ಇಡಿ. ಕವುಚಿ ಹಾಕಿ ಮೇಲೆ ಕಾಲಿಟ್ಟು ಒತ್ತಿದರೆ ಮಂಜುಗಡ್ಡೆ ಇಡಿಯಾಗಿ ಕಳಚಿ ಬೀಳುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟದ ಕೆಲಸ. ಹೆಪ್ಪುಗಟ್ಟಬಾರದೆಂದು ನೀರಿಗೆ ಉಪ್ಪು ಹಾಕುವವರಿದ್ದಾರೆ, ದಯವಿಟ್ಟು ಹಾಕಬೇಡಿ. ಅಷ್ಟು ಉಪ್ಪು ಪ್ರಾಣಿಗೆ ವಿಷ.

ಕೋಳಿಗೂಡು · 29 ನವೆಂಬರ್

ಅಕ್ಕಾ, ಬೇರೆ ಏನು ಮಾಡಿದರೂ ಸರಿ, ಹಬ್ಬದ ವಾರ ಕೋಳಿಗೂಡಿನಲ್ಲಿ ಬಿಸಿ ದೀಪ ಮಾತ್ರ ನೇತುಹಾಕಬೇಡಿ. ಆರು ವರ್ಷದ ಹಿಂದೆ ನಮ್ಮ ಗೂಡು ಡಿಸೆಂಬರ್ 26ರ ಬೆಳಗಿನ ಜಾವ ಸುಟ್ಟುಹೋಯಿತು. ಕೊಂಡಿ ಸಡಿಲವಾಗಿ ದೀಪ ಹುಲ್ಲಿನ ಮೇಲೆ ಬಿದ್ದಿತ್ತು. ಮೂವತ್ತೆಂಟು ಕೋಳಿ. ನನ್ನ ಮಗಳು ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಇವತ್ತಿಗೂ ಆ ಜಾಗದಲ್ಲಿ ಏನೂ ಕಟ್ಟಲು ಅವಳು ಬಿಟ್ಟಿಲ್ಲ.

ಪುಕ್ಕ ಒಣಗಿದ್ದರೆ ದೊಡ್ಡ ಕೋಳಿ ಒಳ್ಳೆಯ ಚಳಿಯನ್ನೇ ತಡೆಯುತ್ತದೆ. ಅದಕ್ಕೆ ತೊಂದರೆ ಕೊಡುವುದು ಒದ್ದೆ. ಚಳಿ ಅಂತ ಎಲ್ಲ ಸಂದಿ ಮುಚ್ಚಿಬಿಡುತ್ತೇವೆ. ಆಗ ಉಸಿರಿನ ತೇವ, ಹಿಕ್ಕೆಯ ಘಾಟು ಎರಡೂ ಒಳಗೇ ನಿಲ್ಲುತ್ತವೆ. ಆ ತೇವದಿಂದಲೇ ಜುಟ್ಟಿನ ತುದಿ ಮರಗಟ್ಟಿ ಕಪ್ಪಾಗುವುದು. ಕೂರುವ ಕೋಲಿನ ಮಟ್ಟದಲ್ಲಿ ಗಾಳಿ ಬಡಿಯಬಾರದು, ಮಾಡಿನ ಕೆಳಗೆ ಮಾತ್ರ ಕಿಂಡಿ ತೆರೆದಿರಬೇಕು.

ಮೊಟ್ಟೆ ನಿಂತಿತು ಅಂತ ಮಕ್ಕಳು ಬೇಜಾರು ಮಾಡಿಕೊಂಡರೆ ಕಾರಣ ಹೇಳಿ. ಅದು ಚಳಿಯಿಂದಲ್ಲ, ಬೆಳಕು ಕಡಿಮೆಯಾಗಿದ್ದರಿಂದ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಒಂದು ಚಿಕ್ಕ ಬಲ್ಬು ಸಾಕು, ಅದೂ ಬೆಳಗಿನ ಜಾವದ ಹೊತ್ತಿಗೆ ಉರಿಯಲಿ. ಸಂಜೆ ಉರಿಸಿ ಪಕ್ಕನೆ ಆರಿಸಿದರೆ ಕತ್ತಲಲ್ಲಿ ಕೋಲು ಸಿಗದೆ ನೆಲದಲ್ಲೇ ಕೂತುಬಿಡುತ್ತವೆ. ನಾವಂತೂ ಈಗ ಬಲ್ಬೂ ಹಾಕುವುದಿಲ್ಲ. ಎರಡು ತಿಂಗಳು ಅವೂ ಸುಧಾರಿಸಿಕೊಳ್ಳಲಿ.

ಪಟ್ಟಣದಿಂದ ಬಂದವ · 29 ನವೆಂಬರ್

ಒಂದು ಮಾತು, ತಪ್ಪು ತಿಳಿಯಬೇಡಿ. ವರ್ಷವಿಡೀ ಓದಿ ಮಕ್ಕಳಿಗೆ ಸಿಗುವುದು ಎರಡು ವಾರ ರಜೆ. ಅದರಲ್ಲೂ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಸಗಣಿ ಬಾಚಿಸುವುದು ಸರಿಯೇ? ನನ್ನ ಹೆಂಡತಿಯ ತವರಿನಲ್ಲಿ ಇದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮೂರನೇ ಮಗಳು · 29 ನವೆಂಬರ್

ನಾನು ಒಂಬತ್ತು ಮಕ್ಕಳ ಮನೆಯಲ್ಲಿ ಮೂರನೆಯವಳು. ಈಗ ನನಗೆ 34. ಹಾಗಾಗಿ ಮಕ್ಕಳ ಕಡೆಯಿಂದ ಹೇಳುತ್ತೇನೆ.

ಕೆಲಸ ಮಾಡಿದ್ದಕ್ಕೆ ನನಗೆ ಎಂದೂ ಬೇಜಾರಿಲ್ಲ ಅಣ್ಣಾ. ಚಳಿಯ ಬೆಳಗಿನಲ್ಲಿ ಕೊಟ್ಟಿಗೆಯ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿಯುವ ಆ ಬೆಚ್ಚನೆ ಉಸಿರು, ಹಸುವಿನ ಪಕ್ಕೆಗೆ ಹಣೆ ಒತ್ತಿ ಹಾಲು ಕರೆಯುವುದು, ಮರಗಟ್ಟಿದ ಬೆರಳಿಗೆ ನಿಧಾನವಾಗಿ ಜೀವ ಬರುವುದು, ಇದೆಲ್ಲ ನನಗೆ ಸಿಕ್ಕ ಭಾಗ್ಯ ಅಂತಲೇ ತಿಳಿದಿದ್ದೇನೆ. ನೋವಾಗಿದ್ದು ಬೇರೆ ವಿಷಯಕ್ಕೆ. ನನಗೆ ಕೈ ಚೆನ್ನಾಗಿ ಓಡುತ್ತಿತ್ತು. ಅದಕ್ಕೇ 13ನೇ ವಯಸ್ಸಿನಿಂದ ಪ್ರತಿ ಕ್ರಿಸ್‌ಮಸ್ ಹಿಂದಿನ ಸಂಜೆಯ ಹಾಲು ನನ್ನ ಪಾಲಿಗೆ ಬಂತು. ಗೋದಲಿ ಕಟ್ಟುವುದು, ನಕ್ಷತ್ರ ಏರಿಸುವುದು, ಕ್ಯಾರಲ್ ಹಾಡುತ್ತಾ ಮನೆ ಮನೆಗೆ ಹೋಗುವುದು, ಎಲ್ಲ ಆ ಹೊತ್ತಿನಲ್ಲೇ. ನಾನು ಕೈ ತೊಳೆದು ಬರುವಾಗ ಎಲ್ಲ ಮುಗಿದಿರುತ್ತಿತ್ತು. "ನೀನು ಬೇಗ ಮುಗಿಸುತ್ತೀಯಲ್ಲ" ಎನ್ನುತ್ತಿದ್ದರು. ಚೆನ್ನಾಗಿ ಕೆಲಸ ಮಾಡುವ ಮಗುವಿಗೇ ಕೆಲಸ ಜಾಸ್ತಿ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಅದು ಹಾಗೇ ನಡೆದುಬಿಡುತ್ತದೆ, ಯಾರೂ ಬೇಕೆಂದು ಮಾಡುವುದಿಲ್ಲ.

ಹಟ್ಟಿಮನೆ ಅಕ್ಕಾ, ನಿಮ್ಮ ಮಗ ಯಾಕೆ ಉಳಿದ? ನೀವು ಕೇಳಿದಿರಾ, ಅಥವಾ ಅವನೇ ಉಳಿಯುತ್ತಾನೆ ಅಂತ ಎಲ್ಲರೂ ಅಂದುಕೊಂಡಿರಾ?

ಹಟ್ಟಿಮನೆ ಸೊಸೆ · 1 ಡಿಸೆಂಬರ್

ತಂಗೀ, ನಿನ್ನ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ಅವನನ್ನು ಕೇಳಿದೆ. ಹುಲ್ಲು ಹಾಕುತ್ತಿದ್ದ, ನಿಲ್ಲಿಸಲಿಲ್ಲ. "ಉಳಿದಿದ್ದಕ್ಕೆ ಏನೂ ಇಲ್ಲಮ್ಮಾ. ನೀವೆಲ್ಲ ಕಾರು ಹತ್ತಿದ ಮೇಲೆ ಅಪ್ಪ ಕಿಟಕಿ ಇಳಿಸಿ 'ನೋಡ್ಕೋ' ಅಂದರು. ಯಾರಾದರೂ 'ನೀನು ಉಳೀತೀಯಾ' ಅಂತ ಕೇಳಿದ್ದರೆ ಹೂಂ ಅಂತಿದ್ದೆ" ಅಂದ.

ಮನೆಯವರಿಗೆ ಹೇಳಿದೆ. ಅವರು ಊಟ ಮಾಡುತ್ತಾ ಕೂತಿದ್ದರು, ತುತ್ತು ಕೈಯಲ್ಲೇ ಉಳಿಯಿತು.

ಈ ವರ್ಷ ಚೀಟಿ ಎತ್ತುವುದೆಂದು ತೀರ್ಮಾನ ಮಾಡಿದ್ದೇವೆ. 24ರ ರಾತ್ರಿ ಇಬ್ಬರು ಕೊಟ್ಟಿಗೆಗೆ. ಹತ್ತು ವರ್ಷ ದಾಟಿದ ಎಲ್ಲರ ಹೆಸರೂ ಡಬ್ಬಿಯಲ್ಲಿ, ಅವನದೊಂದನ್ನು ಬಿಟ್ಟು. ಇಬ್ಬರೂ ಮಕ್ಕಳೇ ಬಂದರೆ ಒಂದು ಚೀಟಿ ಮತ್ತೆ ಎತ್ತುವುದು. ನಮ್ಮತ್ತೆಗೆ 71. "ನನ್ನ ಹೆಸರು ಹಾಕದಿದ್ದರೆ ನಾನು ಈ ಮನೆಯವಳಲ್ಲವೇ?" ಎಂದು ಕೇಳಿ ತಾವೇ ಬರೆದು ಹಾಕಿದರು. ಕೊಟ್ಟಿಗೆಯಲ್ಲಿ ಉಳಿದ ಇಬ್ಬರು 25ರ ಬೆಳಗಿನ ಪೂಜೆಗೆ ಹೋಗುತ್ತಾರೆ.

ಇನ್ನು ಕೇಳಬೇಕಾದ್ದು ರಜೆಯ ಉಳಿದ ದಿನಗಳ ಬಗ್ಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಡುವು ಇದೆ. ಆರು ಮಕ್ಕಳು, 16ರಿಂದ 4ರವರೆಗೆ. ಎಲ್ಲರೂ ಸೇರಿ ಮಾಡುವಂಥದ್ದು ಏನಿದೆ? ಬಿಟ್ಟರೆ ಎಲ್ಲರೂ ಫೋನು ಹಿಡಿದು ಮೂಲೆ ಸೇರುತ್ತಾರೆ.

ಬಣವೆ ಕಾವಲು · 1 ಡಿಸೆಂಬರ್

ಪಟ್ಟಣದಿಂದ ಬಂದ ಅಣ್ಣನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಕೆಲಸ ಮಕ್ಕಳದು, ಯಾವುದು ಅಲ್ಲ ಎನ್ನುವುದಕ್ಕೆ ಗೆರೆ ಬೇಕೇ ಬೇಕು. ನಮ್ಮ ಮನೆಯ ಗೆರೆ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್ ಚಾಲೂ ಇರುವಾಗ ಮಕ್ಕಳು ಅಂಗಳದಲ್ಲೇ ಇರಬಾರದು. ಚಳಿಗಾಲದಲ್ಲಿ ಶಾಲು, ಸಡಿಲ ಕೋಟು ಇರುತ್ತದೆ. ತುದಿ ಸಿಕ್ಕಿತೆಂದರೆ ಎಳೆದುಕೊಳ್ಳಲು ಒಂದು ಸೆಕೆಂಡೂ ಬೇಡ. ಹೋರಿಯ ಹತ್ತಿರ, ಆಗ ತಾನೇ ಈದ ಹಸುವಿನ ಹತ್ತಿರ ಒಬ್ಬರೇ ಹೋಗಬಾರದು. ಬಣವೆಯ ಬುಡದಿಂದ ಹುಲ್ಲು ಎಳೆಯಬಾರದು. ಕೊಟ್ಟಿಗೆಯಲ್ಲಾಗಲಿ ಮಲಗುವ ಕೋಣೆಯಲ್ಲಾಗಲಿ ಕೆಂಡದ ಬಾಂಡಲಿ ಇಟ್ಟು ಬಾಗಿಲು ಮುಚ್ಚಬಾರದು. ಆ ವಿಷದ ಗಾಳಿಗೆ ವಾಸನೆಯೇ ಇಲ್ಲ. ಇಷ್ಟನ್ನು ಬಿಟ್ಟು ಉಳಿದದ್ದು ಮಕ್ಕಳ ವಯಸ್ಸು ನೋಡಿ ಕೊಡುತ್ತೇವೆ. ರಜೆಯಲ್ಲಿ ಪ್ರತಿ ಮಗುವಿಗೂ ಎರಡು ದಿನ ಪೂರ್ತಿ ಬಿಡುವು. ಆ ದಿನ ಎಬ್ಬಿಸುವುದಿಲ್ಲ.

ಪಟ್ಟಣದಿಂದ ಬಂದವ · 2 ಡಿಸೆಂಬರ್

ಸರಿ ಅಣ್ಣಾ. ಆ ಎರಡು ದಿನದ ಮಾತು ನನಗೆ ಹಿಡಿಸಿತು. ಮಾವನವರಿಗೆ ಹೇಳಿ ನೋಡುತ್ತೇನೆ.

ಹಕ್ಕಿ ಲೆಕ್ಕ · 2 ಡಿಸೆಂಬರ್

ಹಟ್ಟಿಮನೆ ಅಕ್ಕಾ, ಎಲ್ಲ ವಯಸ್ಸಿಗೂ ಒಗ್ಗುವಂಥದ್ದು ಅಂದಿರಿ. ನಮ್ಮ ಮನೆಯಲ್ಲಿ ಏಳು ವರ್ಷದಿಂದ ಕ್ರಿಸ್‌ಮಸ್ ವಾರ ಹಕ್ಕಿ ಎಣಿಸುತ್ತೇವೆ. ಹೊಲದ ಬದು, ಬಣವೆ, ಗೊಬ್ಬರದ ಗುಂಡಿ, ಕೆರೆ ಹೀಗೆ ಜಾಗ ಹಂಚಿಕೊಂಡು ಇಬ್ಬಿಬ್ಬರು ಹೋಗುತ್ತೇವೆ, ದೊಡ್ಡವರೊಬ್ಬರು ಚಿಕ್ಕವರೊಬ್ಬರು. ಒಂದು ಗಂಟೆ ಹೊತ್ತು. ಕಂಡ ಹಕ್ಕಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು, ಇಷ್ಟನ್ನು ಬರೆಯಬೇಕು. ಚಳಿಯಲ್ಲಿ ಹೊಲ ಖಾಲಿ ಇರುತ್ತದೆ. ದನದ ಮೇವು ಉದುರಿದ ಕಡೆಯೇ ಹಕ್ಕಿಗಳೆಲ್ಲ ಸೇರುತ್ತವೆ. ಆದ್ದರಿಂದ ದನ ಸಾಕುವ ಮನೆಯ ಮಕ್ಕಳಿಗೆ ಸಿಗುವಷ್ಟು ಹಕ್ಕಿ ಬೇರೆಯವರಿಗೆ ಸಿಗುವುದಿಲ್ಲ.

ಇದು ಶುರುವಾದ ಕಥೆ ಮಕ್ಕಳಿಗೆ ಹೇಳಿ. ಅಮೆರಿಕದಲ್ಲಿ ಹಿಂದೆ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಯಾರು ಜಾಸ್ತಿ ಹಕ್ಕಿ, ಪ್ರಾಣಿ ಹೊಡೆಯುತ್ತಾರೆ ಅಂತ ಪೈಪೋಟಿ ಇತ್ತು. ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞ 1900ರ ಡಿಸೆಂಬರ್ 25ರಂದು "ಹೊಡೆಯುವುದು ಬೇಡ, ಎಣಿಸೋಣ" ಎಂದರು. ಆ ದಿನ 25 ಜಾಗದಲ್ಲಿ 27 ಜನ ಎಣಿಸಿದರು. ಅದು ಇವತ್ತಿಗೂ ನಿಂತಿಲ್ಲ. ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರೊಳಗೆ ನಡೆಯುತ್ತದೆ.

ನಿಮ್ಮಲ್ಲಿ ಹಿಮ ಬೀಳುವುದಾದರೆ ಇನ್ನೊಂದು ಇದೆ. ಒಂದು ಕಪ್ಪು ಬಟ್ಟೆಯನ್ನು ರಟ್ಟಿಗೆ ಬಿಗಿದು ಅರ್ಧ ಗಂಟೆ ಹೊರಗೆ ಇಡಿ, ಅದೂ ತಣ್ಣಗಾಗಬೇಕು. ಹಿಮ ಉದುರುವಾಗ ಅದರ ಮೇಲೆ ಹಿಡಿದು ಭೂತಗನ್ನಡಿಯಿಂದ ನೋಡಿ. ಉಸಿರು ಬಿಗಿಹಿಡಿಯಬೇಕು, ಉಸಿರು ತಾಗಿದರೆ ಕರಗಿಹೋಗುತ್ತದೆ. ಆರು ಮೂಲೆ, ಪ್ರತಿ ಮೂಲೆಗೂ ಗರಿಯಂಥ ಕೊಂಬೆ. ಇದನ್ನು ಮೊದಲು ಫೋಟೋ ಹಿಡಿದವರಲ್ಲಿ ವಿಲ್ಸನ್ ಬೆಂಟ್ಲಿ ಒಬ್ಬರು. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬಲ್ಲಿನ ರೈತನ ಮಗ. 1885ರ ಜನವರಿ 15ರಂದು ಮೊದಲ ಫೋಟೋ ತೆಗೆದಾಗ ಅವರಿಗೆ 19 ವರ್ಷ. ಹೊಲದ ಕೆಲಸ ಮಾಡುತ್ತಲೇ ಬದುಕಿಡೀ ಐದು ಸಾವಿರಕ್ಕಿಂತ ಜಾಸ್ತಿ ಹಿಮದ ಹರಳುಗಳ ಫೋಟೋ ತೆಗೆದರು. ನನ್ನ ಮಗ ಇದನ್ನು ಕೇಳಿದ ಮೇಲೆ ಹಿಮ ಬಿದ್ದ ದಿನ ತಾನೇ ಮೊದಲು ಎದ್ದು ಅಂಗಳಕ್ಕೆ ಓಡುತ್ತಾನೆ.

ಮಂಜುಗಡ್ಡೆಯ ಲಾಟೀನು ಮಾಡಿದ್ದೀರಾ? ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ ರಾತ್ರಿ ಹೊರಗೆ ಬಿಡಿ. ಅಂಚು ಮತ್ತು ಮೇಲ್ಭಾಗ ಮೊದಲು ಹೆಪ್ಪುಗಟ್ಟುತ್ತದೆ, ನಡುವೆ ನೀರು ಹಾಗೇ ಇರುತ್ತದೆ. ಬೆಳಿಗ್ಗೆ ಬಕೆಟ್ಟಿನ ಹೊರಗೆ ಸ್ವಲ್ಪ ಬಿಸಿನೀರು ಸುರಿದು ಕವುಚಿ. ಈಗ ಮೇಲೆ ಬಂದ ತಳ ತೆಳ್ಳಗಿರುತ್ತದೆ. ಅದನ್ನು ಒಡೆದು ನೀರು ಚೆಲ್ಲಿದರೆ ಗಾಜಿನಂಥ ಪಾತ್ರೆ ಉಳಿಯುತ್ತದೆ. ಒಳಗೆ ಮೇಣದ ಬತ್ತಿ ಇಡಿ. ಮನೆಯಿಂದ ಕೊಟ್ಟಿಗೆಯವರೆಗೆ ಎರಡೂ ಕಡೆ ಸಾಲಾಗಿ ಇಟ್ಟರೆ ಆ ದಾರಿ ನೋಡಲು ಎರಡು ಕಣ್ಣು ಸಾಲದು. ಹುಲ್ಲು ಇರುವ ಜಾಗದಿಂದ ದೂರ ಇಡಿ, ಅಷ್ಟೇ.

ಮೂರನೇ ಮಗಳು · 3 ಡಿಸೆಂಬರ್

ನಾಲ್ಕು ವರ್ಷದವಳಿಗೆ ಬಿತ್ತನೆ ಬೀಜ ಕೊಡಿ. ಹಳೆಯ ಬೀಜದ ಡಬ್ಬಿಗಳಿಂದ ಹತ್ತು ಹತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಬೆಚ್ಚನೆ ಜಾಗದಲ್ಲಿ ಇಡುವುದು. ವಾರದ ಮೇಲೆ ಬಿಚ್ಚಿ ಎಷ್ಟು ಮೊಳೆತವು ಎಣಿಸುವುದು. ಎಂಟು ಮೊಳೆತರೆ ಬಿತ್ತಬಹುದು. ನಾಲ್ಕೇ ಆದರೆ ಹೊಸ ಬೀಜ ತರಬೇಕು. ನಿಮಗೆ ಬೇಕಾದ ಲೆಕ್ಕವೂ ಸಿಗುತ್ತದೆ, ಅವಳಿಗೆ ದಿನಾ ಬಟ್ಟೆಗೆ ನೀರು ಚಿಮುಕಿಸುವ ಕೆಲಸವೂ ಸಿಗುತ್ತದೆ. ನನ್ನ ತಂಗಿ ಹಾಗೇ ಎಣಿಸಲು ಕಲಿತಳು.

ದೊಡ್ಡವರಿಗೆ ಹಿಡಿಕೆಗಳು. ಸಲಿಕೆ, ಕೊಡಲಿ, ಪಿಕಾಸಿ ಎಲ್ಲದರ ಮರದ ಹಿಡಿಕೆಗೆ ಮರಳು ಕಾಗದ ಉಜ್ಜಿ ಅಗಸೆ ಎಣ್ಣೆ ಹಚ್ಚುವುದು. ಒಲೆಯ ಮುಂದೆ ಕೂತು ಮಾತಾಡುತ್ತಾ ಮಾಡುವ ಕೆಲಸ. ನಮ್ಮಪ್ಪ ಬಾಯಿಬಿಟ್ಟು ಮಾತಾಡುತ್ತಿದ್ದದ್ದೇ ಆ ಹೊತ್ತಿನಲ್ಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ.

ಹಳೆ ಕೈ · 5 ಡಿಸೆಂಬರ್

ಗೋದಲಿಯ ಮಾತು ಬಂತಲ್ಲ, ಅದರ ಬಗ್ಗೆ ನನಗೆ ಒಂದು ಆಸೆ ಇದೆ, ಹೇಳಿಬಿಡುತ್ತೇನೆ. ಈಗ ಎಲ್ಲ ಕಡೆ ಗೋದಲಿ ಅಂದರೆ ಅಂಗಡಿಯಿಂದ ತಂದ ಬೊಂಬೆ, ಬಣ್ಣದ ದೀಪ. ಆದರೆ ನಮ್ಮ ಭಾಷೆಯಲ್ಲಿ ಗೋದಲಿ ಅಂದರೆ ಏನು? ದನಗಳ ಮುಂದೆ ಇರುವ ಮೇವಿನ ತೊಟ್ಟಿ. ನಾವು ದಿನಾ ಹುಲ್ಲು ಹಾಕುವ ಜಾಗ. ಲೂಕನ ಸುವಾರ್ತೆಯಲ್ಲಿ ಮಗುವನ್ನು ಗೋದಲಿಯಲ್ಲಿ ಮಲಗಿಸಿದರು ಅಂತ ಓದುವಾಗ ದನ ಸಾಕುವವನಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೂಲೆಯಲ್ಲಿ ನೆಕ್ಕಿ ನೆಕ್ಕಿ ನುಣುಪಾದ ಮರ ಹೇಗಿರುತ್ತದೆ ಅಂತ ಅವನ ಅಂಗೈಗೆ ಗೊತ್ತು.

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಮಾಡಿದ್ದೂ ಅದನ್ನೇ. ಹುಲ್ಲು ತುಂಬಿದ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ರಾತ್ರಿ ಪಂಜು ಹಿಡಿದು ಜನ ಬಂದರು. ಮಗಳೇ, ನಿಮ್ಮ ಕೊಟ್ಟಿಗೆಯಲ್ಲಿ ಖಾಲಿ ಇರುವ ಒಂದು ಗೋದಲಿಯನ್ನು ಮಕ್ಕಳ ಕೈಯಲ್ಲಿ ತೊಳೆಸಿ, ಹೊಸ ಹುಲ್ಲು ಹಾಸಿ, ಅಲ್ಲೇ ಮಾಡಿಸಿ. ಆಗ 24ರ ರಾತ್ರಿ ಕೊಟ್ಟಿಗೆಯಲ್ಲಿ ಉಳಿಯುವವರು ಹಬ್ಬದಿಂದ ದೂರ ಉಳಿದ ಹಾಗಾಗುವುದಿಲ್ಲ.

ಹಟ್ಟಿಮನೆ ಸೊಸೆ · 6 ಡಿಸೆಂಬರ್

ಅಪ್ಪಾಜಿ, ಇದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಮಾವ ಆಗಲೇ ಎದ್ದು ಹೋಗಿ ಮೂಲೆಯ ಗೋದಲಿಯ ಮುರಿದ ಹಲಗೆ ನೋಡಿಕೊಂಡು ಬಂದರು.

ಕುರಿ ದೊಡ್ಡಿ · 23 ಡಿಸೆಂಬರ್

ಅಕ್ಕಾ, ಎಲ್ಲ ಹೇಗೆ ನಡೆದಿದೆ? ಮಳೆ, ಹಿಮ ಎರಡೂ ಬೆರೆತು ಬಿದ್ದರೆ ಹಸುಗಳನ್ನು ಹೊರಗೆ ಬಿಡಬೇಡಿ. ಚಳಿಗಾಲದ ದಪ್ಪ ಕೂದಲು ಒಣಗಿದ್ದರೆ ಮೈನಸ್ 8 ಡಿಗ್ರಿಯವರೆಗೂ ತೊಂದರೆ ಇಲ್ಲ. ಅದೇ ಕೂದಲು ನೆನೆದರೆ 15 ಡಿಗ್ರಿಗೇ ಮೈ ಬಿಸಿ ಉಳಿಸಿಕೊಳ್ಳಲು ಒದ್ದಾಡಬೇಕಾಗುತ್ತದೆ. ಕರು ಬಿದ್ದರೆ ಮೊದಲು ಉಜ್ಜಿ ಒಣಗಿಸಿ, ಎರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಲಿ. 40 ಕೆಜಿಯ ಕರುವಿಗೆ ನಾಲ್ಕು ಲೀಟರ್ ಲೆಕ್ಕ. ಒಂದೇ ಸಲಕ್ಕೆ ಕುಡಿಯದಿದ್ದರೆ ಬಿಟ್ಟು ಬಿಟ್ಟು ಕೊಡಿ.

ಹಟ್ಟಿಮನೆ ಸೊಸೆ · 2 ಜನವರಿ

ಎಲ್ಲರಿಗೂ ಹೊಸ ವರ್ಷದ ಶುಭಾಶಯ. ನಡೆದದ್ದು ಹೇಳುತ್ತೇನೆ.

ಚೀಟಿ ನನಗೂ ಮೈದುನನಿಗೂ ಬಂತು. ಹಾಲು ಕರೆಯುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದಿದ್ದರಿಂದ 24ರಂದು ಆರೂವರೆಗೆಲ್ಲ ಮುಗಿದಿತ್ತು. ಪೈಪನ್ನು ಐದು ದಿನದಿಂದ ರಾತ್ರಿ ಖಾಲಿ ಮಾಡುತ್ತಿದ್ದೆವು, ಒಮ್ಮೆಯೂ ಕಟ್ಟಲಿಲ್ಲ. ದೊಡ್ಡ ಮಗ ಹೊರಡುವ ಮುಂಚೆ ಕೊಟ್ಟಿಗೆಗೆ ಬಂದು ಗಬ್ಬದ ಹಸುವಿನ ಬಾಲದ ಬುಡ ಮುಟ್ಟಿ ನೋಡಿದ. "ಇನ್ನೂ ಗಟ್ಟಿ ಇದೆ ಅಮ್ಮಾ, ಇವತ್ತು ಹಾಕಲ್ಲ" ಎಂದು ಹೇಳಿ ಕಾರು ಹತ್ತಿದ. ಅವನ ಅಪ್ಪ ಕಿಟಕಿ ಇಳಿಸಿ ನನ್ನನ್ನೂ ತಮ್ಮನನ್ನೂ ಕೇಳಿದರು, "ನೀವಿಬ್ಬರೂ ಇರ್ತೀರಾ?"

ಅವರು ಬರುವ ಹೊತ್ತಿಗೆ ನಾವಿಬ್ಬರೂ ಲಾಟೀನು ಹಚ್ಚಿದ್ದೆವು. ಹದಿನಾಲ್ಕು ಆಗಿದ್ದವು, ಮೂರು ಒಡೆದವು, ಹನ್ನೊಂದು ಉಳಿದವು. ಎಲ್ಲರೂ ಮನೆಗೆ ಹೋಗದೆ ನೇರವಾಗಿ ಆ ದಾರಿಯಲ್ಲಿ ಕೊಟ್ಟಿಗೆಗೆ ಬಂದರು. ಮಾವ ಹಲಗೆ ಹಾಕಿ ಸರಿಪಡಿಸಿದ್ದ ಗೋದಲಿಯಲ್ಲಿ ಮಕ್ಕಳು ಬಟ್ಟೆಯ ಮಗುವನ್ನು ಮಲಗಿಸಿದರು. ಪಕ್ಕದ ಹಸು ಕತ್ತು ಚಾಚಿ ಒಳಗಿನ ಹುಲ್ಲು ಎಳೆಯಲು ನೋಡುತ್ತಿತ್ತು. ಅತ್ತೆ ಒಂದು ಹಾಡು ಶುರು ಮಾಡಿದರು. ಮೆಲುಕು ಹಾಕುವ ಸದ್ದಿನ ನಡುವೆ ಹನ್ನೆರಡೂ ಜನ ನಿಂತು ಹಾಡಿದೆವು. ತಂಗೀ, ಆಗ ನಿನ್ನ ನೆನಪಾಯಿತು.

ಹಕ್ಕಿ 26ಕ್ಕೆ ಎಣಿಸಿದೆವು. ಹದಿನೇಳು ಬಗೆ. ಬೀಜದಲ್ಲಿ ಈರುಳ್ಳಿಯದು ಪೂರ್ತಿ ಹಳತಾಗಿದೆ, ಹತ್ತರಲ್ಲಿ ಎರಡು.

ಹಸು ಕರು ಹಾಕಿದ್ದು 27ರ ಮಧ್ಯಾಹ್ನ ಹನ್ನೆರಡೂವರೆಗೆ. ಬಿಸಿಲು ಇತ್ತು. ಮಕ್ಕಳೆಲ್ಲ ಬೇಲಿಯ ಮೇಲೆ ಸಾಲಾಗಿ ಕೂತು ನೋಡಿದರು. ಈ ಸಲ ಉಜ್ಜಿದ್ದು ಹತ್ತು ವರ್ಷದ ಮಗಳು. ದೊಡ್ಡವನು ಪಕ್ಕದಲ್ಲಿ ನಿಂತು ಹೇಗೆ ಅಂತ ಹೇಳಿಕೊಟ್ಟ, ತಾನು ಕೈ ಹಾಕಲಿಲ್ಲ. ಸಂಜೆ ಹೊಸ ಕ್ಯಾಲೆಂಡರ್ ಗೋಡೆಗೆ ಹಾಕಿದೆವು. ಆಮೇಲೆ ನೋಡಿದರೆ ಮಾರ್ಚ್ 9ರಿಂದ 23ರವರೆಗೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಅವನ ಕೈಬರಹ: "ಹೋರಿ ಬಿಡಬೇಡಿ."